ಬಯಾಪ್ಸಿಗೂ ಮೊದಲು ಸ್ಟೀರಾಯ್ಡ್ ಏಕೆ?

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ನಾಲ್ಕು ವರ್ಷದ ಮಗನಿಗೆ ಬೆಳಿಗ್ಗೆ ಎದ್ದಾಗ ಕಣ್ಣುರೆಪ್ಪೆ ಊದಿರುತ್ತಿತ್ತು. ಅಲರ್ಜಿ ಎಂದು ಔಷಧ ಕೊಟ್ಟರು. ಊತ ಕಾಲಿಗೂ ಹೊಟ್ಟೆಗೂ ಇಳಿದ ಮೇಲೆ ಮೂತ್ರ ಪರೀಕ್ಷೆಯಾಗಿ, ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ ಎಂದು ಗೊತ್ತಾಯಿತು. ಮಕ್ಕಳ ವೈದ್ಯರು ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸದೆ ನೇರವಾಗಿ ಸ್ಟೀರಾಯ್ಡ್ ಆರಂಭಿಸಿದ್ದಾರೆ. ಇದೇ ಕಾಯಿಲೆಯ ನಾದಿನಿಯ ಮಗಳಿಗೆ ಬಯಾಪ್ಸಿ ಆಗಿತ್ತು. ‘ಕಿಡ್ನಿಯೊಳಗೆ ಏನಾಗಿದೆ ಎಂದು ನೋಡದೆ ಕಣ್ಣು ಕಟ್ಟಿಕೊಂಡು ಔಷಧ ಕೊಟ್ಟಂತಲ್ಲವೇ? ಮುಖ ದಪ್ಪವಾಗುತ್ತಿದೆ, ನಿಲ್ಲಿಸಿ ಎನ್ನುತ್ತಾರೆ ಮನೆಯವರು. ಅವನನ್ನು ಶಾಲೆಗೆ ಕಳುಹಿಸಬಹುದೇ?’ ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ಮೊದಲು ಒಂದು ಮಾತು: ದಯವಿಟ್ಟು ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ. ವಾರಗಟ್ಟಲೆ ಈ ಮಾತ್ರೆ ತೆಗೆದುಕೊಂಡ ಮಗುವಿನ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ, ಅದರಲ್ಲೂ ಜ್ವರವೋ ವಾಂತಿಯೋ ಇದ್ದಾಗ, ಜೀವಕ್ಕೇ ಅಪಾಯವಾಗಬಹುದು. ಮುಖದ ದಪ್ಪ, ವಿಪರೀತ ಹಸಿವು, ಸಿಡುಕು ಇವೆಲ್ಲ ಔಷಧದ ಪ್ರಮಾಣ ಇಳಿದಂತೆ ಇಳಿಯುತ್ತವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ವೈದ್ಯರು ಕಣ್ಣು ಕಟ್ಟಿಕೊಂಡಿಲ್ಲ. ಅವರು ಹಿಡಿದಿರುವ ದಾರಿಯ ಹಿಂದೆ ಅರ್ಧ ಶತಮಾನದ ಅನುಭವವಿದೆ. 1960ರ ದಶಕದಲ್ಲಿ ಹಲವು ದೇಶಗಳ ವೈದ್ಯರು ಸೇರಿ ಮಕ್ಕಳ ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಅಧ್ಯಯನವೊಂದನ್ನು ಆರಂಭಿಸಿದರು. ಅದರಲ್ಲಿ 521 ಮಕ್ಕಳಿಗೆ ಚಿಕಿತ್ಸೆಗೂ ಮೊದಲೇ ಬಯಾಪ್ಸಿ ಮಾಡಲಾಯಿತು. 1978ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ನೂರರಲ್ಲಿ ಸುಮಾರು 77 ಮಕ್ಕಳ ಅಂಗಾಂಶದಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಹೇಳಿಕೊಳ್ಳುವಂಥ ಬದಲಾವಣೆಯೇ ಇರಲಿಲ್ಲ. ಇದನ್ನೇ ವೈದ್ಯರು ಮಿನಿಮಲ್ ಚೇಂಜ್ ಎನ್ನುತ್ತಾರೆ. ಅಂಥ ಮಕ್ಕಳಲ್ಲಿ ನೂರಕ್ಕೆ 93 ಮಂದಿಯ ಮೂತ್ರದಿಂದ ಪ್ರೋಟೀನ್ ಸೋರುವುದು ಸ್ಟೀರಾಯ್ಡ್‌ನಿಂದ ನಿಂತಿತು. ಕಿಡ್ನಿಯಲ್ಲಿ ರಕ್ತ ಸೋಸುವ ಗಂಟುಗಳಲ್ಲಿ ಅಲ್ಲಲ್ಲಿ ಕಲೆ ಕಟ್ಟಿದ್ದ ಮಕ್ಕಳಲ್ಲಿ, ಅಂದರೆ ಎಫ್‌ಎಸ್‌ಜಿಎಸ್ ಎಂಬ ಬಗೆಯಲ್ಲಿ, ಈ ಪ್ರಮಾಣ ನೂರಕ್ಕೆ 30ರಷ್ಟು ಮಾತ್ರ.

ಅದೇ ತಂಡ 1981ರಲ್ಲಿ ಲೆಕ್ಕವನ್ನು ತಿರುಗಿಸಿ ನೋಡಿತು. ಸ್ಟೀರಾಯ್ಡ್‌ಗೆ ಗುಣ ಕಂಡ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಇದ್ದದ್ದು ಮಿನಿಮಲ್ ಚೇಂಜ್. ಆದ್ದರಿಂದ ಒಂದು ವರ್ಷ ದಾಟಿದ, ರಕ್ತದೊತ್ತಡ ಸರಿಯಿರುವ, ಮೂತ್ರದಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಹೋಗದ, ಕಿಡ್ನಿಯ ಕೆಲಸವನ್ನು ಸೂಚಿಸುವ ರಕ್ತದ ಕ್ರಿಯಾಟಿನಿನ್ ಏರದ ಪುಟ್ಟ ಮಗುವಿಗೆ ಸೂಜಿ ಚುಚ್ಚುವ ಅಗತ್ಯ ಮೊದಲಿಗೆ ಬರುವುದಿಲ್ಲ. ಆರು ವಾರಗಳ ಔಷಧವೇ ಒಂದು ಪರೀಕ್ಷೆ. ಬಹುತೇಕ ಮಕ್ಕಳಲ್ಲಿ ಉತ್ತರ ನಾಲ್ಕು ವಾರದೊಳಗೇ ಸಿಗುತ್ತದೆ.

ಇಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿಯೊಂದಿದೆ. ಮೊದಲ ಸುತ್ತಿನಲ್ಲಿ ಗುಣ ಕಾಣದ ಮಕ್ಕಳಲ್ಲಿಯೂ ಸುಮಾರು ಕಾಲುಭಾಗಕ್ಕೆ ಇದ್ದದ್ದು ಮಿನಿಮಲ್ ಚೇಂಜೇ. ಅಂದರೆ ಗಾಜಿನ ಪಟ್ಟಿಯ ಮೇಲಿನ ಅಂಗಾಂಶ ಎಲ್ಲವನ್ನೂ ಹೇಳುವುದಿಲ್ಲ. ಮಗುವಿನ ಮುಂದಿನ ದಿನಗಳನ್ನು ಹೆಚ್ಚು ಚೆನ್ನಾಗಿ ಸೂಚಿಸುವುದು ಸ್ಟೀರಾಯ್ಡ್‌ಗೆ ಅದರ ದೇಹ ತೋರುವ ಪ್ರತಿಕ್ರಿಯೆ. ಕಾಯಿಲೆ ಮತ್ತೆ ಮತ್ತೆ ಮರುಕಳಿಸಿದರೂ ಪ್ರತಿ ಸಲವೂ ಔಷಧಕ್ಕೆ ಬಗ್ಗುವ ಮಗುವಿನ ಕಿಡ್ನಿ ಸಾಮಾನ್ಯವಾಗಿ ಉಳಿಯುತ್ತದೆ. ಯಾವ ಔಷಧಕ್ಕೂ ಬಗ್ಗದ ಮಗುವಿನ ಬಗ್ಗೆಯೇ ನಿಜವಾದ ಚಿಂತೆ.

ಹಾಗಾದರೆ ಅಷ್ಟೊಂದು ಊತಕ್ಕೆ ಕಾರಣವಾದ ಹಾನಿ ಎಲ್ಲಿದೆ? 1957ರಲ್ಲಿ ಸಂಶೋಧಕರಾದ ಮರ್ಲಿನ್ ಫಾರ್ಕ್ಹರ್, ರಾಬರ್ಟ್ ವರ್ನಿಯರ್ ಮತ್ತು ರಾಬರ್ಟ್ ಗುಡ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ವಿವರಿಸಿದರು. ರಕ್ತ ಸೋಸುವ ಸೂಕ್ಷ್ಮ ನಾಳಗಳ ಹೊರಮೈಯನ್ನು ಪೋಡೋಸೈಟ್ ಎಂಬ ಜೀವಕೋಶಗಳು ಎರಡು ಕೈಗಳ ಬೆರಳು ಹೆಣೆದಂತೆ ಅಪ್ಪಿಕೊಂಡಿರುತ್ತವೆ. ಕಾಯಿಲೆಯಲ್ಲಿ ಈ ಹೆಣಿಗೆ ಚಪ್ಪಟೆಯಾಗಿ ಅಳಿಸಿಹೋಗುತ್ತದೆ, ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುತ್ತದೆ. ಔಷಧ ಕೆಲಸ ಮಾಡಿದಾಗ ಹೆಣಿಗೆ ಮತ್ತೆ ಮೂಡುತ್ತದೆ, ಕಲೆ ಉಳಿಯುವುದಿಲ್ಲ. ಈ ಹೆಣಿಗೆಯ ಸಂದಿಗಳಲ್ಲಿರುವ ನೆಫ್ರಿನ್ ಎಂಬ ಪ್ರೋಟೀನಿನ ಜೀನನ್ನು 1998ರಲ್ಲಿ ಕಾರ್ಲ್ ಟ್ರಿಗ್ವಾಸನ್ ಅವರ ತಂಡ ಗುರುತಿಸಿತು. ಅನೇಕ ಮಕ್ಕಳಲ್ಲಿ ದೇಹವೇ ನೆಫ್ರಿನ್‌ನ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ ಎಂಬುದನ್ನು 2022ರಿಂದೀಚಿನ ಸಂಶೋಧನೆಗಳು ತೋರಿಸಿವೆ. ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸ್ಟೀರಾಯ್ಡ್ ಏಕೆ ಫಲಿಸುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸುಳಿವು ಹಿಂದೆ ಸಿಕ್ಕಿರಲಿಲ್ಲ.

ನಾದಿನಿಯ ಮಗಳಿಗೆ ಬಯಾಪ್ಸಿ ಏಕೆ ಮಾಡಿದರು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಆರು ವಾರ ದಿನವೂ ಔಷಧ ಕೊಟ್ಟರೂ ಪ್ರೋಟೀನ್ ಸೋರುತ್ತಲೇ ಇದ್ದರೆ, ಮಗುವಿಗೆ ಒಂದು ವರ್ಷ ತುಂಬಿರದಿದ್ದರೆ, ಅಥವಾ ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ಸಾಮಾನ್ಯವಾಗಿ ಬಯಾಪ್ಸಿ ಮಾಡಿಸಬೇಕಾಗುತ್ತದೆ. ಆಗಲೂ ಒಂದು ಮಿತಿಯಿದೆ. ಕಲೆಗಳು ಮೊದಲು ಕಿಡ್ನಿಯ ಹೊರಪದರದ ಆಳದಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ರೋಗಶಾಸ್ತ್ರಜ್ಞ ಆರ್ನಾಲ್ಡ್ ರಿಚ್ 1957ರಲ್ಲೇ ಬರೆದಿದ್ದರು. ಸೂಜಿ ಅಲ್ಲಿಗೆ ತಲುಪದಿದ್ದರೆ ಎಫ್‌ಎಸ್‌ಜಿಎಸ್ ಕೂಡ ಮಿನಿಮಲ್ ಚೇಂಜ್‌ನಂತೆ ಕಾಣಬಹುದು. ಸ್ಟೀರಾಯ್ಡ್‌ಗೆ ಬಗ್ಗದ ಮಕ್ಕಳಿಗೆ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಕೊಡುತ್ತಾರೆ, ಹಲವರಲ್ಲಿ ಫಲ ಸಿಗುತ್ತದೆ. ಜೀನ್ ದೋಷದಿಂದ ಬಂದ ಕಾಯಿಲೆಯಲ್ಲಿ ಈ ಔಷಧಗಳು ಫಲಿಸುವುದು ಅಪರೂಪ. ಆದ್ದರಿಂದ ಆಯ್ದ ಮಕ್ಕಳಿಗೆ ಜೀನ್ ಪರೀಕ್ಷೆ ಮಾಡಿಸಿ, ಕೆಲಸಕ್ಕೆ ಬಾರದ ಔಷಧದಿಂದ ಮಗುವನ್ನು ಉಳಿಸುತ್ತಾರೆ.

ನಿಮ್ಮ ಮಗನಿಗೆ ಬರೆದಿರುವುದು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 2 ಮಿ.ಗ್ರಾಂ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಆರು ವಾರ. ಆಮೇಲೆ ಪ್ರತಿ ಕೆ.ಜಿ.ಗೆ 1.5 ಮಿ.ಗ್ರಾಂ.ನಂತೆ ದಿನ ಬಿಟ್ಟು ದಿನ, ಮತ್ತೆ ಆರು ವಾರ. ಇದು ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ ಮಾರ್ಗಸೂಚಿಯಲ್ಲಿರುವ ಕ್ರಮವೇ. ಇದನ್ನು ಇನ್ನೂ ಉದ್ದ ಎಳೆದರೆ ಮರುಕಳಿಕೆ ತಪ್ಪುತ್ತದೆ ಎಂಬ ನಂಬಿಕೆ ಹಿಂದೆ ಇತ್ತು. ಭಾರತದಲ್ಲೂ ಬ್ರಿಟನ್ನಿನಲ್ಲೂ ನಡೆದ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ.

ಈ ಹನ್ನೆರಡು ವಾರ ಮತ್ತು ಆಮೇಲೂ, ಎಲ್ಲಕ್ಕಿಂತ ಅಮೂಲ್ಯವಾದ ದಾಖಲೆ ನಿಮ್ಮ ಕೈಯಲ್ಲೇ ಹುಟ್ಟಬೇಕು. ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಾ ಪಟ್ಟಿಯನ್ನು ಅದ್ದಿ, ಬಣ್ಣ ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದಿಡಿ. ಸತತ ಮೂರು ದಿನ ಪ್ರೋಟೀನ್ ಇಲ್ಲದಿದ್ದರೆ ಅಥವಾ ಲೇಶಮಾತ್ರ ಇದ್ದರೆ ಕಾಯಿಲೆ ಶಮನವಾಗಿದೆ. ಸತತ ಮೂರು ದಿನ ಮೂರು ಪ್ಲಸ್ ಅಥವಾ ಹೆಚ್ಚು ಬಂದರೆ ಮರುಕಳಿಸಿದೆ, ಊತಕ್ಕಾಗಿ ಕಾಯದೆ ವೈದ್ಯರಿಗೆ ತಿಳಿಸಿ. ಮರುಕಳಿಕೆ ಬಂದರೆ ನಿಮ್ಮದೇನೋ ತಪ್ಪಾಯಿತು ಎಂದುಕೊಳ್ಳಬೇಡಿ. ಹೆಚ್ಚಿನ ಮಕ್ಕಳಲ್ಲಿ ಒಮ್ಮೆಯಾದರೂ ಬರುತ್ತದೆ, ಎಷ್ಟೋ ಸಲ ನೆಗಡಿ ಕೆಮ್ಮಿನ ಬೆನ್ನಿಗೆ. ತೀರಾ ಪದೇ ಪದೇ ಬಂದರೆ ಲೆವಾಮಿಸೋಲ್, ಮೈಕೋಫಿನೊಲೇಟ್‌ನಂಥ ಔಷಧಗಳಿವೆ.

ಊತ ಇರುವವರೆಗೆ ಉಪ್ಪಿನಕಾಯಿ, ಹಪ್ಪಳ, ಕುರುಕು ತಿಂಡಿ ಬೇಡ. ಬೇಳೆ, ಮೊಟ್ಟೆ, ಹಾಲು ನಿಲ್ಲಿಸಬೇಡಿ. ಜ್ವರದೊಂದಿಗೆ ಹೊಟ್ಟೆನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಸ್ಟೀರಾಯ್ಡ್ ಮತ್ತು ಆ್ಯಂಟಿಬಯೋಟಿಕ್ ಬರುವ ಮೊದಲು ಈ ಕಾಯಿಲೆಯ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಸೋಂಕು. ನ್ಯೂಮೋಕಾಕಲ್ ಲಸಿಕೆಯ ಬಗ್ಗೆ ಕೇಳಿ. ದಡಾರದಂಥ ಜೀವಂತ ಲಸಿಕೆಗಳನ್ನು ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುವಾಗ ಹಾಕಿಸುವಂತಿಲ್ಲ.

ಶಾಲೆಗೆ ಖಂಡಿತ ಕಳುಹಿಸಿ, ಊತ ಇಳಿದು ಅವನು ಲವಲವಿಕೆಯಿಂದ ಇದ್ದರೆ ಸಾಕು. ಆಟಕ್ಕೂ ಬಿಡಿ. ಟೀಚರಿಗೆ ಔಷಧದ ವಿಷಯ ಹೇಳಿಡಿ, ತರಗತಿಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್ ಬಂದರೆ ಅಂದೇ ನಿಮಗೆ ಫೋನ್ ಮಾಡಲಿ. ಆಗ ವೈದ್ಯರನ್ನು ಕಾಣಲು ತಡಮಾಡಬೇಡಿ.

— ಸಂಪಾದಕ