ಪ್ರತಿಕ್ರಿಯೆ: ಪ್ಲಾಸ್ಮಾದಲ್ಲಿ ಮಿರ್-21 ಏರುಪೇರು
ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) ಮಿರ್-16ಕ್ಕೆ ಹೋಲಿಸಿದಾಗ ಮಿರ್-21 (ಎರಡೂ ಮೈಕ್ರೋಆರ್‌ಎನ್‌ಎಗಳು, ಅಂದರೆ ಪುಟ್ಟ ಆರ್‌ಎನ್‌ಎ ತುಣುಕುಗಳು) ಒಂದೊಂದು ಮಾದರಿಯಲ್ಲಿ ಒಂದೊಂದು ಥರ ಬರುತ್ತಿದೆ ಅಂದಿರಿ. ಬಹುಶಃ ಕೆಂಪು ರಕ್ತಕಣಗಳು ಒಡೆದಿವೆ. ಮಿರ್-16 ಆ ಕಣಗಳಲ್ಲೇ ಜಾಸ್ತಿ ಇರುವುದು. ಅದು ಪ್ಲಾಸ್ಮಾಕ್ಕೆ ಸೋರಿದರೆ ಮಿರ್-21 ಸುಮ್ನೆ ಕಡಿಮೆಯಾದಂತೆ ಕಾಣುತ್ತದೆ.

ಮೊದಲು ಉಳಿದ ಪ್ಲಾಸ್ಮಾವನ್ನು 414 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಿರಿ, ಒಡೆದ ಕಣಗಳ ಹಿಮೋಗ್ಲೋಬಿನ್ ಆ ಬೆಳಕನ್ನು ಹೀರುತ್ತದೆ. ತಿಳಿಹಳದಿ ಕಂಡರೂ ಬಿಡಬೇಡಿ. ಗುಲಾಬಿ ಬಣ್ಣ ಕಣ್ಣಿಗೆ ಬೀಳುವ ಮೊದಲೇ ಲೆಕ್ಕ ಕೆಟ್ಟಿರಬಹುದು. ಆಮೇಲೆ ಮಿರ್-23ಎಯ ಸಿಟಿಯಿಂದ (ಪಿಸಿಆರ್ ಪರೀಕ್ಷೆಯಲ್ಲಿ ಸಂಕೇತ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ) ಕೆಂಪು ಕಣಗಳಲ್ಲಿ ಜಾಸ್ತಿ ಇರುವ ಮಿರ್-451ಎಯ ಸಿಟಿ ಕಳೆಯಿರಿ. 5ರೊಳಗಿದ್ದರೆ ಸರಿ, 7 ದಾಟಿದರೆ ಆ ಮಾದರಿ ಪಕ್ಕಕ್ಕಿಡಿ. ನಡುವಿನವು ಅನುಮಾನದವು, ಅವನ್ನು ಬಿಟ್ಟೂ ಒಮ್ಮೆ ಲೆಕ್ಕ ಹಾಕಿ.

ಮುಂದಿನ ಸಲ ಲೈಸಿಸ್ ಬಫರ್ (ಆರ್‌ಎನ್‌ಎ ಬಿಡಿಸುವ ದ್ರಾವಣ) ಹಾಕಿದ ಮೇಲೆ ಸೆಲ್-ಮಿರ್-39 (ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ಹಾಕುವ, ಹುಳುವಿನ ಮೈಕ್ರೋಆರ್‌ಎನ್‌ಎ) ಸೇರಿಸಿ. ರಕ್ತ ತೆಗೆದ ಟ್ಯೂಬ್ ಯಾವುದು ಅಂತ ಬರೆದಿಲ್ಲ ಅಲ್ವಾ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವುದಾಗಿದ್ದರೆ ಅದೂ ಪಿಸಿಆರ್ ತಡೆಯುತ್ತದೆ, ಇಡಿಟಿಎ (ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ರಾಸಾಯನಿಕ) ಟ್ಯೂಬ್‌ಗೆ ಬದಲಿಸಿ.