ಬರೀ ಲಾರಿ ಎಣಿಸಿದರೆ ಸಾಲದು

ಸಂಡೂರು ಕಡೆಯ ನಿಮ್ಮೂರಿನ ನಡುವೆಯೇ ಅದಿರು ಲಾರಿ ಓಡಾಡಿ ಧೂಳೋ ಧೂಳು, ಬೈಪಾಸ್ ಕೇಳೋಕೆ ಲೆಕ್ಕ ತೋರಿಸೋದು ಹೇಗೆ ಅಂದಿದ್ದೀರಿ ಸರ್. ಒಂದೇ ಕಡೆ ಕೂತು ಎಣಿಸಿದರೆ ಊರಿಗೆ ಬಂದದ್ದೆಷ್ಟು, ಹಾದುಹೋದದ್ದೆಷ್ಟು ಗೊತ್ತಾಗಲ್ಲ. ಎರಡೂ ತುದಿಯಲ್ಲಿ ಇಬ್ಬಿಬ್ಬರು ಕೂರಲಿ, ಒಬ್ಬರು ನಂಬರ್ ಓದೋಕೆ, ಒಬ್ಬರು ಬರೆಯೋಕೆ. "4172, ಟಿಪ್ಪರ್, ಲೋಡು, ಟಾರ್ಪಾಲಿಲ್ಲ, 7:42" ಇಷ್ಟು ಸಾಕು. ಅದೇ ನಂಬರ್ ಆಚೆ ತುದಿಯಲ್ಲಿ 7:46ಕ್ಕೆ ಸಿಕ್ಕಿದರೆ ಅದು ಹಾದುಹೋಗುವ ಗಾಡಿ. ಟೀ ಅಂಗಡಿ ಮುಂದೆ ನಿಲ್ಲುವವರಿಗೆ ಒಂದಷ್ಟು ನಿಮಿಷ ಬಿಟ್ಟುಕೊಡಿ. ಸಂತೆ ದಿನ ಬೇಡ. ರಾತ್ರಿ ಮಾತ್ರ ಬಿಡಲೇಬೇಡಿ.

ಗಾಳಿಯದ್ದು ಬೇರೆಯೇ ಅಳತೆ. 2009ರ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ10ಕ್ಕೆ, ಅಂದರೆ ಗಾಳಿಯಲ್ಲಿ ತೇಲುವ 10 ಮೈಕ್ರಾನ್‌ವರೆಗಿನ ಸಣ್ಣ ಕಣಗಳಿಗೆ, 24 ಗಂಟೆಯ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ. ಅಗ್ಗದ ಸೆನ್ಸರ್‌ಗಳು ರಸ್ತೆ ಧೂಳಿನ ದಪ್ಪ ಕಣಗಳನ್ನು ಸರಿಯಾಗಿ ಹಿಡಿಯಲ್ಲ, ಹಾಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದಲೇ ಅಳೆಸಿ ಅಂತ ಪಂಚಾಯಿತಿಯಿಂದ ಅರ್ಜಿ ಹಾಕಿಸಿ. ನೀವು ಲಾರಿ ಎಣಿಸುವ ದಿನವೇ ಅವರೂ ಅಳೆದರೆ ಎರಡನ್ನೂ ಗಂಟೆಗಂಟೆಗೆ ಪಕ್ಕಪಕ್ಕ ಇಟ್ಟು ನೋಡಬಹುದು.

ಇನ್ನೊಂದು, ಧೂಳಿನ ದೊಡ್ಡ ಪಾಲು ಸೈಲೆನ್ಸರಿಂದಲ್ಲ, ಚಕ್ರ ಎಬ್ಬಿಸುವ ಮಣ್ಣಿಂದ ಬರಬಹುದು. ಟಾರ್ಪಾಲು, ರಸ್ತೆ ಅಂಚಿನ ಡಾಂಬರು, ಇವನ್ನು ಬೈಪಾಸ್‌ಗೆ ಕಾಯದೆ ಈಗಲೇ ಕೇಳಿ.