‘ಸುಧಾರಿಸುವುದು’ ಎಂದು ಬರೆದರೆ ಐಇಪಿ ಆಗುವುದಿಲ್ಲ

ಶಾಲೆ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಅಂಗವೈಕಲ್ಯವಿರುವ ಮಕ್ಕಳ ಪಾಠದ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಈ ಅಂಕಣಕ್ಕೆ ಬರುತ್ತದೆ. ಈ ಸಲವೂ ಬಂದಿದೆ. ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಸಿಟ್ಟಾಗಬಾರದು.

ಪ್ರಶ್ನೆ: ಮಗನಿಗೆ 9 ವರ್ಷ. ಮಧ್ಯಮ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ ಇದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ. ಸರ್ಕಾರಿ ಶಾಲೆಯಲ್ಲಿ 3ನೇ ತರಗತಿ. ಎರಡು ವರ್ಷದಿಂದ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ ಮಾಡುತ್ತಿದ್ದಾರೆ. ನನ್ನ ಸಹಿಯೂ ಇದೆ. ‘ಓದು ಬರಹ ಸುಧಾರಿಸುವುದು, ಸ್ವಾವಲಂಬನೆ ಬೆಳೆಸುವುದು, ಸಾಮಾಜಿಕ ಕೌಶಲ ಹೆಚ್ಚಿಸುವುದು’ ಅಂತ 14 ಗುರಿ ಬರೆದಿದ್ದಾರೆ. ಮಗ ಇದ್ದ ಹಾಗೇ ಇದ್ದಾನೆ. ಯೋಜನೆ ಸರಿಯಿಲ್ಲವೋ, ಇವನಿಗೆ ಆಗುವುದೇ ಇಲ್ಲವೋ? — ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ಯೋಜನೆ ಸರಿಯಿಲ್ಲ. ಮಗುವಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ಆ ಕಾಗದದಿಂದ ಗೊತ್ತಾಗುವ ಹಾಗೇ ಇಲ್ಲ. ‘ಸುಧಾರಿಸುವುದು’, ‘ಬೆಳೆಸುವುದು’, ‘ಹೆಚ್ಚಿಸುವುದು’ — ಈ ಮೂರು ಪದ ಕಂಡಲ್ಲಿ ಗೀಟು ಹೊಡೆಯಿರಿ. ಇಬ್ಬರು ಬೇರೆ ಬೇರೆ ನಿಂತು ಮಗುವನ್ನು ನೋಡಿದರೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಇಬ್ಬರ ಬಾಯಲ್ಲೂ ಒಂದೇ ಮಾತು ಬರಬೇಕು. ಬಾರದಿದ್ದರೆ ಅದು ಗುರಿಯೇ ಅಲ್ಲ. ಸ್ವಾವಲಂಬನೆಯನ್ನು ಯಾರು ಎಣಿಸುತ್ತಾರೆ?

ಮೊದಲು ಈಗಿನ ಮಟ್ಟ. ‘ಕನ್ನಡದಲ್ಲಿ ಹಿಂದುಳಿದಿದ್ದಾನೆ’ ಎಂದು ಬರೆಯುವುದು ದೂರು ಬರೆದ ಹಾಗೆ. ಮಟ್ಟ ಬರೆಯುವುದು ಹೀಗೆ: ‘ರ, ಗ, ಸ, ದ, ಅ ಮಿಂಚುಪಟ್ಟಿಗಳನ್ನು (ಅಕ್ಷರ ಬರೆದ ರಟ್ಟು) ಒಂದೊಂದಾಗಿ ತೋರಿಸಿದರೆ ರ, ಅ ಮಾತ್ರ ಹೇಳುತ್ತಾನೆ. ಐದನ್ನೂ ಮುಂದೆ ಹರಡಿ “ಗ ಎಲ್ಲಿದೆ?” ಎಂದರೆ 5 ಸಲಕ್ಕೆ 4 ಸಲ ಸರಿಯಾದ ಪಟ್ಟಿ ಮುಟ್ಟುತ್ತಾನೆ.’ ಎರಡೇ ಸಾಲು, ಆದರೆ ಇಡೀ ವರ್ಷದ ಪಾಠ ಅದರಲ್ಲಿದೆ. ಅಕ್ಷರ ಅವನಿಗೆ ಗೊತ್ತಿದೆ, ಬಾಯಿಗೆ ಬರುತ್ತಿಲ್ಲ. ಇಂಥ ಮಗುವಿಗೆ ‘ಹೇಳು, ಹೇಳು’ ಎಂದು ಗದರಿಸುವ ಬದಲು ಮುಟ್ಟಿ ತೋರಿಸುವ, ಜೋಡಿಸುವ ಕೆಲಸದಿಂದ ಓದು ಮುಂದುವರಿಸಬಹುದು. ಮಾತಿನ ಕೆಲಸ ಪಕ್ಕದಲ್ಲಿ ಬೇರೆಯಾಗಿ ನಡೆಯುತ್ತಿರಲಿ. ಹಾಜರಿ ಪುಸ್ತಕ ನೋಡಿ ಬರೆದ ಐಇಪಿಯಲ್ಲಿ ಈ ಸುದ್ದಿ ಸಿಗುವುದಿಲ್ಲ.

ಈ ಅಳತೆಯನ್ನು ಮೂರು ಬೇರೆ ಬೇರೆ ದಿನ, ಯಾವ ಸಹಾಯವೂ ಇಲ್ಲದೆ ತೆಗೆಯಬೇಕು. ಜ್ವರ ಬಿಟ್ಟ ಮರುದಿನ ಅಳೆದರೆ ಮಗು ಇರುವುದಕ್ಕಿಂತ ದಡ್ಡನಾಗಿ ಕಾಣುತ್ತಾನೆ. ಪಕ್ಕದಲ್ಲಿ ಕೂತವರು ತುಟಿ ಅಲ್ಲಾಡಿಸಿದರೆ ಇರುವುದಕ್ಕಿಂತ ಜಾಣನಾಗುತ್ತಾನೆ. ಮಗುವಿಗೆ ಯಾವ ಕೆಲಸ ಬರುತ್ತದೆ, ಯಾವುದು ಇಲ್ಲ ಎಂದು ಗುರುತು ಹಾಕಲು ಸಿಕಂದರಾಬಾದಿನ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಎಫ್‌ಎಸಿಪಿ ತಪಶೀಲು ಪಟ್ಟಿಯನ್ನು ನಮ್ಮ ವಿಶೇಷ ಶಿಕ್ಷಕರು ಬಳಸುತ್ತಾರೆ. ಒಳ್ಳೆಯ ಸಾಧನ. ಆದರೆ ಅದರಲ್ಲಿ ‘ಇಲ್ಲ’ ಎಂದು ಬಿದ್ದದ್ದನ್ನೆಲ್ಲ ಸಾಲಾಗಿ ಇಳಿಸಿ ‘ಗುರಿಗಳು’ ಎಂದು ತಲೆಬರಹ ಕೊಡುವ ಚಾಳಿಯೊಂದಿದೆ. ನಿಮ್ಮ 14 ಗುರಿ ಅಲ್ಲಿಂದಲೇ ಬಂದಿರಬೇಕು.

ಮೂರು ತಿಂಗಳಿಗೆ ನಾಲ್ಕು ಗುರಿ ಸಾಕು. ಐದನೆಯದು ಬೇಕೇ ಬೇಕೆಂದರೆ ನಾಲ್ಕರಲ್ಲಿ ಒಂದನ್ನು ತೆಗೆಯಿರಿ. ಯಾವ ನಾಲ್ಕು? ಮಗುವಿನ ದಿನ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ. ಬಹಳ ಮಕ್ಕಳಿಗೆ ಬಿಸಿಯೂಟದ ತಟ್ಟೆ ಅಂಥ ಒಂದು ಜಾಗ. ತೊಳೆಯಲು ಬರುವುದಿಲ್ಲವೆಂದು ಅಡುಗೆಯವರು ತೊಳೆದುಕೊಡುತ್ತಾರೆ, ಉಳಿದ ಮಕ್ಕಳು ನೋಡಿ ನಗುತ್ತಾರೆ, ಅಲ್ಲಿಗೆ ‘ಸಾಮಾಜಿಕ ಕೌಶಲ’ದ ಕಥೆ ಮುಗಿಯಿತು. ಗುರಿ ಹೀಗಿರಲಿ: ‘ಸೆಪ್ಟೆಂಬರ್ ಕೊನೆಯೊಳಗೆ, ಊಟ ಮುಗಿದ ಮೇಲೆ, ಯಾರೂ ಹೇಳದೆ, ತನ್ನ ತಟ್ಟೆ ತೊಳೆದು ಇಡುತ್ತಾನೆ; ವಾರದಲ್ಲಿ 5 ದಿನಕ್ಕೆ 4 ದಿನ.’ ಯಾವಾಗ, ಏನು, ಎಷ್ಟು, ಎಷ್ಟರೊಳಗೆ, ಎಲ್ಲವೂ ಬಂತು.

ಈಗ ಆ ಕೆಲಸವನ್ನು ಒಡೆಯಿರಿ. ತಟ್ಟೆ ಎತ್ತಿಕೊಂಡು ಏಳುವುದು, ಉಳಿದದ್ದನ್ನು ಡಬ್ಬಕ್ಕೆ ಸುರಿಯುವುದು, ನಲ್ಲಿಯ ಮುಂದೆ ಸಾಲಿನಲ್ಲಿ ನಿಲ್ಲುವುದು, ನಲ್ಲಿ ತಿರುಗಿಸುವುದು, ಒಳಗೆ ಉಜ್ಜುವುದು, ಹೊರಗೆ ಉಜ್ಜುವುದು, ನಲ್ಲಿ ನಿಲ್ಲಿಸುವುದು, ತಟ್ಟೆ ಕವುಚಿ ಇಡುವುದು. ಎಂಟು ಹೆಜ್ಜೆ. ಕಲಿಸುವುದು ಕೊನೆಯಿಂದ. ಮೊದಲ ಏಳನ್ನು ಕೈಹಿಡಿದು ಮಾಡಿಸಿ, ಎಂಟನೆಯದನ್ನು ಅವನಿಗೇ ಬಿಡಿ. ಅದು ಬಂದ ಮೇಲೆ ಏಳು ಮತ್ತು ಎಂಟು. ಹೀಗೆ ಹಿಂದಕ್ಕೆ ಬನ್ನಿ. ಕೊನೆಯಿಂದ ಏಕೆಂದರೆ ಪ್ರತಿದಿನವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ, ಶಹಬ್ಬಾಸ್ ಸಿಗುವುದೂ ಆಗಲೇ. ಮೊದಲಿನಿಂದ ಶುರುಮಾಡಿದರೆ ಎರಡನೇ ಹೆಜ್ಜೆಯಲ್ಲೇ ಬೇಸತ್ತು ತಟ್ಟೆ ಅಲ್ಲೇ ಬಿಟ್ಟು ಓಡುತ್ತಾನೆ. ಮೂರನೇ ಹೆಜ್ಜೆ ಅವನೊಬ್ಬನ ಪಾಠವಲ್ಲ. ಸಾಲಿನಲ್ಲಿ ತಳ್ಳುವವರಿಗೂ ಅಷ್ಟೇ ಪಾಠ ಬೇಕು.

ಸಹಾಯ ಕೊಡುವ ರೀತಿಯಲ್ಲೇ ಹೆಚ್ಚಿನ ಐಇಪಿಗಳು ಕೆಡುತ್ತವೆ. ಒಮ್ಮೆ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಒಂದರಿಂದ ಐದರವರೆಗೆ ಎಣಿಸಿ. ಈ ಐದು ಸೆಕೆಂಡು ಕಾಯಲಾಗದೆ ‘ತೊಳಿ, ತೊಳಿ, ತೊಳಿಯೋ’ ಎಂದು ಮೂರು ಸಲ ಹೇಳಿದರೆ, ಮೂರನೆಯ ‘ತೊಳಿ’ಗೆ ಕಾಯುವುದನ್ನು ಮಗು ಕಲಿಯುತ್ತದೆ. ಹಿಡಿದ ಕೈಯನ್ನು ಸಡಿಲಿಸುವುದು ಸುಲಭ: ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಆಮೇಲೆ ಬರೀ ಸನ್ನೆ. ಮಾತಿನ ಸಹಾಯವನ್ನು ಬಿಡಿಸುವುದೇ ಕಷ್ಟ. ಅದಕ್ಕೇ ಮಾತು ಕಡಿಮೆ ಇರಲಿ.

ದಾಖಲೆಗೆ ದೊಡ್ಡ ಪುಸ್ತಕ ಬೇಡ. ಚೌಕಳಿ ಹಾಳೆಯೊಂದನ್ನು ಗೋಡೆಗೆ ಅಂಟಿಸಿ. ಎಡಕ್ಕೆ ಎಂಟು ಹೆಜ್ಜೆ, ಮೇಲೆ ತಾರೀಖು. ತಾನೇ ಮಾಡಿದರೆ ‘ತಾ’, ಸನ್ನೆಗೆ ‘ಸ’, ಮಾತಿಗೆ ‘ಮಾ’, ಕೈಹಿಡಿದರೆ ‘ಕೈ’. ಒಂದು ನಿಮಿಷದ ಕೆಲಸ. ವಾರಕ್ಕೆ ಮೂರು ದಿನ ಬರೆದರೂ ಸಾಕು, ಆದರೆ ಅವತ್ತೇ ಬರೆಯಬೇಕು. ಶನಿವಾರ ಕೂತು ಸೋಮವಾರದ್ದನ್ನು ನೆನಪಿಸಿಕೊಂಡು ತುಂಬಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ: ಇಡೀ ವಾರ ಒಂದೇ ಪೆನ್ನು, ಒಂದೇ ಓರೆ. ಒಂದು ಹೆಜ್ಜೆಗೆ ಸತತ ಮೂರು ದಿನ ‘ತಾ’ ಬಿದ್ದರೆ ಅದರ ಹಿಂದಿನ ಹೆಜ್ಜೆಗೆ ಹೋಗಿ. ಎರಡು ವಾರ ‘ಕೈ’ ಎಂದೇ ಇದ್ದರೆ ಮಗುವನ್ನು ಬಯ್ಯುವ ಮೊದಲು ಹೆಜ್ಜೆಯನ್ನು ಇನ್ನೂ ಎರಡಾಗಿ ಒಡೆಯಿರಿ. ನಲ್ಲಿ ಬಿಗಿಯಾಗಿದೆಯೇ ನೋಡಿ, ಅದೇ ಕಾರಣವಾಗಿರುವುದುಂಟು. ಆಗಲೂ ಕದಲದಿದ್ದರೆ ಈ ಗುರಿಗೆ ಇನ್ನೂ ಹೊತ್ತಾಗಿಲ್ಲ ಎಂದು ಒಪ್ಪಿ, ಬದಲಿಸಿ.

‘ಯಾರು’ ಎಂಬ ಅಂಕಣದಲ್ಲಿ ತರಗತಿ ಶಿಕ್ಷಕರ ಹೆಸರು ಇರಬೇಕು. ಬರೀ ‘ಬಿಐಇಆರ್‌ಟಿ’ (ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ಎಂದು ಬರೆದು ಕೈತೊಳೆದುಕೊಂಡರೆ, ಅವರು ಬಂದ ದಿನ ಮಾತ್ರ ಯೋಜನೆ ನಡೆಯುತ್ತದೆ. ಅವರ ಮೇಲೆ ಇಡೀ ತಾಲ್ಲೂಕಿನ ಹೊರೆ ಇದೆ. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಕ್ಕೆ 15 ನಿಮಿಷ ಎಷ್ಟೋ ಮೇಲು. ಉಳಿದ ಹೊತ್ತು ಅವನು ಏನು ಮಾಡುತ್ತಿರುತ್ತಾನೆ ಎಂಬುದೂ ಕಾಗದದ ಮೇಲೆ ಬರಲಿ. ಪರಿಸರ ಅಧ್ಯಯನದಲ್ಲಿ ಉಳಿದವರು ಎಲೆಗಳ ಬಗ್ಗೆ ಐದು ವಾಕ್ಯ ಬರೆಯುವಾಗ, ಇವನು ಕಾಫಿ ಎಲೆ ಮತ್ತು ಮೆಣಸಿನ ಎಲೆಯನ್ನು ಎರಡು ಗುಡ್ಡೆ ಮಾಡಲಿ. ಪಾಠ ಅದೇ, ಬೆಂಚೂ ಅದೇ. ಹಿಂದಿನ ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುವುದಕ್ಕೆ ಸಮನ್ವಯ ಶಿಕ್ಷಣ ಎನ್ನುವುದಿಲ್ಲ.

ನೀವು ತೋಟದ ಕೆಲಸದವರೆಂದು ಬರೆದಿದ್ದೀರಿ. ಹಾಗಾದರೆ ನವೆಂಬರಿನಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾದ ಮೇಲೆ ಹಾಜರಾತಿ ಏನಾಗುತ್ತದೆ ಎಂದು ಶಾಲೆಗೂ ಗೊತ್ತು, ನಿಮಗೂ ಗೊತ್ತು. ಅದನ್ನು ಜೂನ್‌ನಲ್ಲೇ ಯೋಜನೆಗೆ ಸೇರಿಸಬೇಕು. ನಾಲ್ಕರಲ್ಲಿ ಎರಡು ಗುರಿಯಾದರೂ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ನಡೆಯುವಂಥವಾಗಿರಲಿ, ಚೌಕಳಿ ಹಾಳೆಯ ಇನ್ನೊಂದು ಪ್ರತಿ ಮನೆಯಲ್ಲಿರಲಿ. ತಟ್ಟೆಯ ಗುರಿಗೆ ಇದು ಹೇಗೂ ಬೇಕು. ಶಾಲೆಯ ನಲ್ಲಿಯಲ್ಲಿ ತೊಳೆಯುವವನು ಮನೆಯ ಕೊಳಗದ ನೀರಿನಲ್ಲಿ ತೊಳೆಯಲಾರ. ಜಾಗ ಬದಲಾದರೆ ಈ ಮಕ್ಕಳಿಗೆ ಕೆಲಸವೇ ಹೊಸದು. ಕೊಯ್ಲು ಮುಗಿಸಿ ಶಾಲೆಗೆ ಮರಳಿದಾಗ ಮತ್ತೆ ಮೂರು ದಿನ ಅಳೆದು, ನಿಂತಲ್ಲಿಂದ ಮುಂದುವರಿಸಲಿ. ಮರಳಿ ಮೊದಲ ಪಾಠಕ್ಕೆ ತಂದು ಕೂರಿಸುವುದು ಬೇಡ.

ಪರಿಶೀಲನೆ ಮೂರು ಸಲ: ದಸರಾ ರಜೆಗೆ ಮೊದಲು, ಡಿಸೆಂಬರ್ ಕೊನೆಗೆ, ಮಾರ್ಚಿನಲ್ಲಿ. ನಮ್ಮ ಜಿಲ್ಲೆಯ ಬಹಳಷ್ಟು ಐಇಪಿ ಫೈಲುಗಳು ಹಾಸನಾಂಬೆ ಗುಡಿಯ ಹಾಗೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತವೆ. ಅಲ್ಲಿ ಹಚ್ಚಿಟ್ಟ ದೀಪ ವರ್ಷವಿಡೀ ಉರಿಯುತ್ತದೆಂಬ ನಂಬಿಕೆಯಾದರೂ ಇದೆ.

ಮುಂದಿನ ಸಲ ಸಹಿ ಕೇಳಿದಾಗ ಮೂರು ಮಾತು ಕೇಳಿ. ಈ ಗುರಿ ಆಯಿತೆಂದು ನನಗೆ ಹೇಗೆ ಗೊತ್ತಾಗುತ್ತದೆ? ದಿನದಲ್ಲಿ ಯಾವ ಹೊತ್ತಿಗೆ, ಯಾರು ಮಾಡಿಸುತ್ತಾರೆ? ನನ್ನ ಪ್ರತಿ ಎಲ್ಲಿ? ಉತ್ತರ ಸಿಗುವವರೆಗೆ ಪೆನ್ನು ಮುಟ್ಟಬೇಡಿ. ಸಭೆಯನ್ನು ತೋಟಕ್ಕೆ ರಜೆಯಿರುವ ದಿನಕ್ಕೋ, ಸಂಜೆ 4ರ ನಂತರಕ್ಕೋ ಇಡಿ ಎಂದು ಕೇಳಿ. ಒಂದು ದಿನದ ಕೂಲಿ ಕಳೆದುಕೊಂಡು ಐದು ನಿಮಿಷದ ಸಹಿಗೆ ಬರಬೇಕಿಲ್ಲ.

ಪ್ರಶ್ನೆ: ತುಂಬಿದ ಐಇಪಿ ಮಾದರಿಯ ಪಿಡಿಎಫ್ ಕಳಿಸಿಕೊಡಿ. — ಶಿಕ್ಷಕರು, ಚನ್ನರಾಯಪಟ್ಟಣ

ಉತ್ತರ: ಕಳಿಸುವುದಿಲ್ಲ. ಕಳಿಸಿದರೆ ಮುಂದಿನ ವಾರ ತಾಲ್ಲೂಕಿನ ಎಲ್ಲ ಮಕ್ಕಳಿಗೂ ಅದೇ ಗುರಿ, ಅದೇ ಕಾಗುಣಿತದ ತಪ್ಪು.

ಪ್ರಶ್ನೆ: ಮಗಳ ಐಕ್ಯೂ 48 ಬಂದಿದೆ. ಎಷ್ಟರವರೆಗೆ ಏರಿಸಬಹುದು? — ಅರಸೀಕೆರೆ

ಉತ್ತರ: ಆ ಸಂಖ್ಯೆ ಪ್ರಮಾಣಪತ್ರಕ್ಕೆ ಬೇಕು, ಪಾಠಕ್ಕೆ ಬೇಡ. ಅವಳಿಗೆ 10 ರೂಪಾಯಿ ನೋಟು ಗುರುತು ಸಿಗುತ್ತದೆಯೇ? ಅದನ್ನು ಬರೆಯಿರಿ.

ಪ್ರಶ್ನೆ: ಆಟಿಸಂ ಇರುವ ಮಗನಿಗೆ ಇನ್ನೂ ಮಾತು ಬಂದಿಲ್ಲ. ಮನೆಯಲ್ಲಿ ತುಳು, ಹೊರಗೆ ಕನ್ನಡ. ‘ಎರಡು ಭಾಷೆಯಿಂದಲೇ ಹೀಗಾಗಿದೆ, ಇನ್ನು ಇಂಗ್ಲಿಷ್ ಮಾತ್ರ ಆಡಿ’ ಎಂದಿದ್ದಾರೆ. — ಮೂಡಿಗೆರೆ

ಉತ್ತರ: ಈ ಸುಳ್ಳು ಸಾಯುವುದೇ ಇಲ್ಲ. ಎರಡು ಭಾಷೆ ಕೇಳಿಸಿಕೊಂಡರೆ ಆಟಿಸಂ ಬರುವುದಿಲ್ಲ, ಮಾತು ತಡವಾಗುವುದೂ ಇಲ್ಲ. ಅಜ್ಜಿಗೆ ಬಾರದ ಭಾಷೆಯೊಂದನ್ನೇ ಮನೆಯಲ್ಲಿ ಇಟ್ಟರೆ, ಮಗುವಿನೊಡನೆ ದಿನವಿಡೀ ಮಾತಾಡುವ ಒಂದು ಜೀವವನ್ನು ನೀವೇ ಮೂಕ ಮಾಡಿದಂತೆ. ತುಳುವಿನಲ್ಲೇ ಮಾತಾಡಿ, ಚಿಕ್ಕ ವಾಕ್ಯಗಳಲ್ಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಮೊದಲು ಕಿವಿ ಪರೀಕ್ಷೆ ಮಾಡಿಸಿ. ಐಇಪಿಯಲ್ಲಿ ‘ಮನೆಮಾತು: ತುಳು’ ಎಂದು ಬರೆಸಿ, ಬೇಕಾದ್ದನ್ನು ಚಿತ್ರ ತೋರಿಸಿ ಕೇಳುವುದನ್ನು ಮೊದಲ ಗುರಿಯಾಗಿಡಿ. ಚಿತ್ರ ಕೊಟ್ಟರೆ ಮಾತು ಬರುವುದಿಲ್ಲ ಎಂಬುದೂ ಸುಳ್ಳೇ.

ಪ್ರಶ್ನೆ: ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ತರಗತಿ ಮತ್ತು ಸ್ಟೆಮ್‌ಸೆಲ್ ಚಿಕಿತ್ಸೆ, ಆಟಿಸಂ ಇರುವ ಮಗುವಿಗೆ ಯಾವುದು ಒಳ್ಳೆಯದು? — ಕಡೂರು

ಉತ್ತರ: ಎರಡೂ ಬೇಡ. ಮೊದಲನೆಯದರಲ್ಲಿ ಕಣ್ಣು ಕಟ್ಟಿಕೊಂಡೇ ಓದುತ್ತಾರೆಂದು ತೋರಿಸುವ ಮಕ್ಕಳು ಕಣ್ಣಪಟ್ಟಿಯ ಕೆಳಗೆ ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತಾರೆ, ಅಷ್ಟೇ. ಎರಡನೆಯದನ್ನು ಆಟಿಸಂಗೆ ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಗುವಿಗೆ ಕಲಿಸುತ್ತೇನೆಂದು ಬರುವವರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ತಡವರಿಸಿದರೆ ಬಾಗಿಲು ತೋರಿಸಿ.

ಪ್ರಶ್ನೆ: ವಿಶೇಷ ಶಿಕ್ಷಕರಿಲ್ಲವೆಂದು ಖಾಸಗಿ ಶಾಲೆಯವರು 4ನೇ ತರಗತಿಯ ಮಗಳ ಟಿಸಿ ಒಯ್ಯಿರಿ ಎನ್ನುತ್ತಿದ್ದಾರೆ. — ಚಿಕ್ಕಮಗಳೂರು

ಉತ್ತರ: ಒಯ್ಯಬೇಡಿ. 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಬೆಂಬಲ ಕೊಡಬೇಕು, ಪ್ರಗತಿಯನ್ನೂ ಗಮನಿಸಬೇಕು. ಎರಡೂ ಕಡೆ 16 ಆದ್ದರಿಂದ ಮರೆಯುವ ಹಾಗಿಲ್ಲ. ‘ಟಿಸಿ ಏಕೆ’ ಎಂದು ಕಾರಣವನ್ನು ಬರಹದಲ್ಲಿ ಕೇಳಿ. ಕೊಟ್ಟರೆ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ಕಳಿಸಿ.

ಪ್ರಶ್ನೆ: ಮಗನಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಕ್ಕಿದೆ. 9ನೇ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ಬರೆದುಕೊಡುವವರು ಸಿಗುತ್ತಾರಲ್ಲ, ಇನ್ನು ಐಇಪಿ ಏಕೆ? — ಬೇಲೂರು

ಉತ್ತರ: ಬರೆದುಕೊಡುವವರು ಸಿಗುತ್ತಾರೆ, ಆದರೆ ಉತ್ತರ ಹೇಳಬೇಕಾದವನು ಅವನೇ. ಬಾಯಲ್ಲಿ ಉತ್ತರ ಹೇಳಿ ಬರೆಸುವುದು ಬೇರೆಯೇ ವಿದ್ಯೆ, ಪರೀಕ್ಷೆಯ ದಿನ ಕಲಿಯಲಾಗದು. ‘ನಾಲ್ಕು ಅಂಕದ ಉತ್ತರವನ್ನು ಮೂರು ವಾಕ್ಯದಲ್ಲಿ, ಬರೆಯುವವರ ವೇಗಕ್ಕೆ ನಿಂತು ನಿಂತು ಹೇಳುತ್ತಾನೆ’ ಎಂಬುದನ್ನು ಈ ವರ್ಷದ ಗುರಿಯಾಗಿ ಬರೆಸಿ. ವಾರಕ್ಕೆರಡು ಸಲ ಕೆಳತರಗತಿಯ ಹುಡುಗನನ್ನು ಕೂರಿಸಿ ಅಭ್ಯಾಸ ಮಾಡಿಸಿ. ಚಿತ್ರ, ನಕ್ಷೆ, ಬೀಜಗಣಿತದ ಹೆಜ್ಜೆಗಳನ್ನು ಬಾಯಲ್ಲಿ ಹೇಳಿ ಬರೆಸುವಾಗಲೇ ಎಲ್ಲರೂ ಎಡವುವುದು, ಅಲ್ಲಿಂದಲೇ ಶುರುಮಾಡಿ. ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಇದೆ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ನಾಲ್ಕು ಗಂಟೆ ಒಂದೇ ಕಡೆ ಕೂರುವ ರೂಢಿ ಅವನಿಗಿದೆಯೇ, ಈ ತಿಂಗಳ ಕಿರುಪರೀಕ್ಷೆಯಲ್ಲೇ ನೋಡಿಕೊಳ್ಳಿ. ಭಾಷಾ ವಿನಾಯಿತಿಯ ಅರ್ಜಿಯನ್ನೂ 9ನೇ ತರಗತಿಯಲ್ಲೇ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ.